ಭಕ್ಷಕ ಕೋಶವೋ, ದಾದಿ ಕೋಶವೋ? ನಾಳೆಯೊಳಗೆ ಪದ ಬೇಕಾಗಿದೆ

ಮಾನ್ಯರೇ,

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ವಿಜ್ಞಾನಮೇಳಕ್ಕಾಗಿ ಮಲಯಾಳದ ಫಲಕವೊಂದನ್ನು ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆ ಅದು ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಎಲುಬಿನ ಮಜ್ಜೆಯಲ್ಲಿ ಮ್ಯಾಕ್ರೋಫೇಜ್ ಎಂಬ ರೋಗರಕ್ಷಕ ಕೋಶವೊಂದು ನಡುವೆ ಇರುತ್ತದೆ, ಬೆಳೆಯುತ್ತಿರುವ ಕೆಂಪು ರಕ್ತಕಣಗಳು ಅದರ ಸುತ್ತ ಅಂಟಿಕೊಂಡಿರುತ್ತವೆ. ಫ್ರಾನ್ಸಿನ ಮಾರ್ಸೆಲ್ ಬೆಸ್ಸಿ 1958ರಲ್ಲಿ ವಿವರಿಸಿದ ಈ ಗುಂಪಿಗೆ ಇಂಗ್ಲಿಷಿನಲ್ಲಿ ‘ಐಲೆಂಡ್’ ಎಂದೇ ಹೆಸರು. ಎಳೆಯ ಕಣವು ಬಲಿತು ತನ್ನ ನ್ಯೂಕ್ಲಿಯಸ್ಸನ್ನು ಹೊರದೂಡಿದಾಗ ಅದನ್ನು ನುಂಗಿ ಕರಗಿಸುವುದೂ ಆ ನಡುಕೋಶವೇ.

ಕೆಂಪು ರಕ್ತಕಣಕ್ಕೆ ಮೂಲದಲ್ಲಿದ್ದ ‘ಅರುಣರಕ್ತಾಣು’ವನ್ನು ಕೈಬಿಟ್ಟಿದ್ದೇನೆ, ಏಕೆಂದರೆ ನಮ್ಮ ಮಕ್ಕಳಿಗೆ ಅಣುವೆಂದರೆ ರಸಾಯನಶಾಸ್ತ್ರದ ಅಣು. ಆದರೆ ಮ್ಯಾಕ್ರೋಫೇಜನ್ನು ‘ಮಹಾಭಕ್ಷಕ ಕೋಶ’ ಎಂದು ಬರೆದ ಕರಡನ್ನು ಓದಿದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಹಾಗಾದರೆ ಇದು ಮರಿಕಣಗಳನ್ನೇ ತಿನ್ನುತ್ತದೆಯೇ ಟೀಚರ್?” ಎಂದು ಕೇಳಿದಳು. ‘ದಾದಿ ಕೋಶ’ ಆದೀತೇ? ಐಲೆಂಡಿಗೆ ‘ದ್ವೀಪ’ ಎನ್ನಲೇ, ಇಲ್ಲಿನ ಹೊಳೆಬದಿಯವರು ಬಲ್ಲ ‘ಕುದ್ರು’ ಎನ್ನಲೇ? ‘ಕೆಂಪುಕಣಗಳ ಉತ್ಪತ್ತಿಯನ್ನು ನಿಯಂತ್ರಿಸುತ್ತದೆ’ ಎಂಬ ವಾಕ್ಯ ಸರಿಯೇ?

ಉತ್ತರ 1

ದ್ವೀಪವೆಂದರೆ ಮೂಲಾರ್ಥದಲ್ಲಿ ಎರಡು ಕಡೆ ನೀರುಳ್ಳದ್ದು. ಮಜ್ಜೆಯಲ್ಲಿ ನೀರೆಲ್ಲಿದೆ? ‘ನಡುಗಡ್ಡೆ’ ಎನ್ನಿ, ಮುಗಿಯಿತು. ‘ಗೂಡು’ ಇರುವಾಗ ಕೋಶಕ್ಕಾಗಿ ಸಂಸ್ಕೃತದ ಬಾಗಿಲು ತಟ್ಟುವ ಅಗತ್ಯವಿಲ್ಲ. ದಾದಿ ಅಚ್ಚಗನ್ನಡ, ಇರಲಿ. ಕುದ್ರು ತುಳುವಿನದು, ಘಟ್ಟದ ಮೇಲಿನವರು ಅದನ್ನು ಕುದುರೆಯೆಂದು ಓದುತ್ತಾರೆ. ಮಲಯಾಳದ ಸಾಲ ತೀರಿಸಲು ತುಳುವಿನಿಂದ ಸಾಲ ತರುವುದು ಯಾವ ಲೆಕ್ಕ?

ಉತ್ತರ 2

ದಾದಿ ಅಚ್ಚಗನ್ನಡವಲ್ಲ, ಧಾತ್ರಿಯ ತದ್ಭವ. ನಡುಗಡ್ಡೆಗೂ ಸುತ್ತ ನೀರು ಬೇಕು ಎಂಬುದನ್ನು ಹಿಂದಿನವರು ಮರೆತಂತಿದೆ. ಕುದ್ರುವನ್ನು ಕುಂದಾಪುರದ ಕನ್ನಡಿಗರು ದಿನವೂ ಆಡುತ್ತಾರೆ, ಅವರೆಲ್ಲರೂ ಸಾಲಗಾರರೇ?

ಅಚ್ಚಗನ್ನಡವೇ ಬೇಕಿದ್ದರೆ ‘ಸೂಲಗಿತ್ತಿ’ ಇದೆ. ನನ್ನ ಅಜ್ಜಿ ಊರಿನ ಹೆರಿಗೆಗಳಿಗೆ ಹೋಗುತ್ತಿದ್ದರು. ಮಗುವನ್ನು ಅಡಿಕೆ ಹಾಳೆಯಲ್ಲಿ ಮಲಗಿಸಿ ಮೀಯಿಸಿದಷ್ಟೇ ಜಾಗ್ರತೆಯಿಂದ ಮಾಸನ್ನು ಹಿತ್ತಿಲಲ್ಲಿ ಹೂಳುವುದೂ ಅವರ ಪಾಲಿನ ಕೆಲಸವಾಗಿತ್ತು. ಕಣವು ಕಳಚಿದ ನ್ಯೂಕ್ಲಿಯಸ್ಸಿಗೆ ಈ ಕೋಶ ಮಾಡುವುದು ಹೆಚ್ಚುಕಡಿಮೆ ಅದನ್ನೇ.

‘ನಿಯಂತ್ರಿಸುತ್ತದೆ’ ಎಂಬುದನ್ನು ಮಾತ್ರ ಹಾಗೆಯೇ ಬಿಡಬೇಡಿ. ಎಷ್ಟು ಕಣ ಬೇಕೆಂಬ ಮುಖ್ಯ ಆಜ್ಞೆ ಮೂತ್ರಪಿಂಡದಿಂದ ಎರಿತ್ರೋಪೊಯೆಟಿನ್ ಹಾರ್ಮೋನಿನ ರೂಪದಲ್ಲಿ ಬರುತ್ತದೆ. ಆದರೂ ಮ್ಯಾಕ್ರೋಫೇಜ್ ಬರಿಯ ಆಳಲ್ಲ: ಸುಮಾರು 120 ದಿನ ಬಾಳಿದ ಹಳೆಯ ಕಣಗಳನ್ನು ಗುಲ್ಮ ಮೊದಲಾದೆಡೆ ಒಡೆದು, ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣವನ್ನು ಹೊಸ ಕಣಗಳಿಗಾಗಿ ಮರಳಿಸುವುದು ಅದರ ಕುಲವೇ, ಊಟದಿಂದ ಒಳಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಬಹುಕಾಲದ ಉರಿಯೂತದಲ್ಲಿ ಯಕೃತ್ತಿನ ಹೆಪ್ಸಿಡಿನ್ ಹಾರ್ಮೋನು ಹೆಚ್ಚಾಗಿ ಆ ಕಬ್ಬಿಣ ಮ್ಯಾಕ್ರೋಫೇಜುಗಳೊಳಗೇ ಸಿಕ್ಕಿಬಿದ್ದರೆ ರಕ್ತಹೀನತೆ ಬರುತ್ತದೆ. ಕೆಂಪುಕಣಗಳು ಅತಿಯಾಗಿ ಹುಟ್ಟುವ ಕಾಯಿಲೆಯ ಇಲಿಗಳಲ್ಲಿ ಮ್ಯಾಕ್ರೋಫೇಜುಗಳನ್ನು ತೆಗೆದಾಗ ಆ ಅತಿ ಇಳಿಯಿತೆಂದು 2013ರ ಪ್ರಯೋಗಗಳು ತೋರಿಸಿದವು. ಆದ್ದರಿಂದ ‘ನಿಯಂತ್ರಣದಲ್ಲಿ ಪಾಲುಗೊಳ್ಳುತ್ತದೆ’ ಎಂದರೆ ಸುಳ್ಳಾಗದು.

ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಸೂಲಗಿತ್ತಿ ನನಗೆ ಬಹಳ ಹಿಡಿಸಿತು, ಆದರೆ ಈ ಕೋಶ ಹೊಸ ಕಣ ಹೊರಡುವವರೆಗೂ ಅದನ್ನು ಹಿಡಿದುಕೊಂಡು ಸಾಕುವುದರಿಂದ ಹೆರಿಗೆಯ ಹೊತ್ತಿಗೆ ಬಂದು ಹೋಗುವವಳ ಹೆಸರು ಸಾಲದು. ‘ಮಜ್ಜೆಯ ಕುದ್ರುಗಳು: ದಾದಿ ಕೋಶ ಮತ್ತು ಕೆಂಪುಕಣಗಳು’ ಎಂದು ತಲೆಬರಹ ಕೊಟ್ಟು, ಮ್ಯಾಕ್ರೋಫೇಜ್ ಎಂಬುದನ್ನು ಕೆಳಗೆ ಕನ್ನಡ ಲಿಪಿಯಲ್ಲೇ ಇಡುತ್ತೇನೆ. ‘ಪಾಲುಗೊಳ್ಳುತ್ತದೆ’ ಎಂದು ತಿದ್ದಿಯೂ ಆಯಿತು.

ಉತ್ತರ 1ರವರಿಂದ

ಕೋಶವನ್ನೂ ಕುದ್ರುವನ್ನೂ ಉಳಿಸಿಕೊಳ್ಳುವುದಿದ್ದರೆ ನಮ್ಮನ್ನು ಕೇಳಿದ್ದಾದರೂ ಏಕೆ?