ಮಾರುತಿ 800 ಕಾಲದ ಪೋರ್ಟಿಕೋಗೆ ಈಗಿನ ಕಾರು ಹಿಡಿಯುತ್ತಾ? ಕಾರುಗಳು ನಿಜಕ್ಕೂ ದೊಡ್ಡದಾಗಿವೆಯಾ?

ಕುವೆಂಪುನಗರ_ನಿವಾಸಿ

30x40 ಸೈಟು, ಹಳೇ ಮನೆ. ಪೋರ್ಟಿಕೋ ಗೋಡೆಯಿಂದ ಕಾಂಪೌಂಡಿಗೆ 8 ಅಡಿ ಅಗಲ, ಗೇಟಿನಿಂದ ಒಳಕ್ಕೆ 15 ಅಡಿ ಉದ್ದ. ಗೇಟು ಏಳೂವರೆ ಅಡಿ, ಎರಡು ಬಾಗಿಲು, ಒಳಕ್ಕೆ ತೆಗೆಯುತ್ತೆ. ನೆಕ್ಸಾನ್ ಅಥವಾ ಕ್ರೆಟಾ ತಗೊಳ್ಳೋ ಯೋಚನೆ ಇದೆ. "ಅಂಬಾಸಿಡರ್‌ಗಿಂತ ದೊಡ್ಡ ಕಾರು ಇದ್ಯಾ ಈಗ?" ಅಂತಾರೆ ಮನೆಯ ಹಿರಿಯರು. ಕಾರುಗಳು ನಿಜಕ್ಕೂ ಬೆಳೆದಿವೆಯಾ, ಬೆಳೆದಿದ್ದರೆ ಯಾಕೆ? ಈ ಜಾಗಕ್ಕೆ ಯಾವುದು ಸರಿ?

ಟೇಪು_ಹಿಡಿದವ

ಹಿರಿಯರ ಮಾತು ಉದ್ದದ ಮಟ್ಟಿಗೆ ಸರಿ ಸಾರ್. ಅಂಬಾಸಿಡರ್ ಉದ್ದ ಸುಮಾರು 4325 ಮಿ.ಮೀ., 2024ರ ಕ್ರೆಟಾ 4330. ಹೆಚ್ಚುಕಮ್ಮಿ ಒಂದೇ. ಆದರೆ ಅಂಬಾಸಿಡರ್ ಅಗಲ 1660 ಆಸುಪಾಸು, ಕ್ರೆಟಾ 1790. ಬೆಳೆದಿರೋದು ಅಡ್ಡಕ್ಕೆ. ಪದ್ಮಿನಿ ಅಂತೂ 1460 ಅಗಲ ಅಷ್ಟೇ, ಮಾರುತಿ 800 ಇನ್ನೂ ಕಡಿಮೆ, 1440. ನೆಕ್ಸಾನ್ 4 ಮೀಟರ್ ಒಳಗಿನ 'ಸಣ್ಣ' ಕಾರು ಅನ್ನಿಸಿಕೊಂಡರೂ 1804 ಮಿ.ಮೀ. ಅಗಲ. ಕ್ರೆಟಾಗಿಂತಲೂ ಒಂದು ಚೂರು ಜಾಸ್ತಿ!

ಹಾಗಾಗಿ ಉದ್ದ ನೋಡಿ ಸಣ್ಣ ಕಾರು ಅಂತ ತೀರ್ಮಾನ ಮಾಡಬೇಡಿ. ನಿಮ್ಮ 8 ಅಡಿ ಅಂದ್ರೆ 2438 ಮಿ.ಮೀ. ಎಡಗಡೆ ಗೋಡೆಗೆ 100 ಬಿಟ್ಟು ನಿಲ್ಲಿಸಿದರೆ ಡ್ರೈವರ್ ಇಳಿಯೋಕೆ 800ಕ್ಕೆ ಸುಮಾರು 900 ಉಳೀತಿತ್ತು. ನೆಕ್ಸಾನ್‌ಗೆ ಉಳಿಯೋದು 534. ಬಾಗಿಲಿನ ದಪ್ಪ ಅದರಲ್ಲೇ ಹೋಗಬೇಕು. ಮಂಡಿ ನೋವಿರೋರು ಇಳಿಯೋ ಜಾಗ ಅಲ್ಲ ಅದು.

ಮಂಡ್ಯ_ಗ್ಯಾರೇಜು

ಯಾಕೆ ಅಗಲ ಆಯ್ತು ಅಂತ ಕೇಳಿದ್ರಲ್ಲಣ್ಣ, ಬಾಗಿಲ ಒಳಪ್ಯಾಡ್ ಬಿಚ್ಚಿ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಐತೆ. ಹಳೇ 800 ಬಾಗಿಲಲ್ಲಿ ತೆಳು ತಗಡು, ಗಾಜು ಏರಿಸೋ ಹಿಡಿ, ಲಾಕು, ಅಷ್ಟೇ. ಡ್ರೈವರ್ ಕೂತ ಜಾಗದಿಂದಲೇ ಕೈ ಚಾಚಿ ಎಡಗಡೆ ಗಾಜು ತಿರುಗಿಸಬಹುದಿತ್ತು. ಈಗ ಬಾಗಿಲೊಳಗೆ ಅಡ್ಡಕ್ಕೊಂದು ಗಟ್ಟಿ ಉಕ್ಕಿನ ಪಟ್ಟಿ, ಗಾಜಿನ ಮೋಟರ್, ಸ್ಪೀಕರ್, ವೈರಿಂಗು. ಅದರ ಮೇಲೆ, ಪಕ್ಕದಿಂದ ಗುದ್ದಿದಾಗ ಬಾಗಿಲು ಒಳಕ್ಕೆ ಬಂದರೂ ಸೊಂಟಕ್ಕೆ ತಾಕಬಾರದು ಅಂತ ಸೀಟಿಗೂ ಬಾಗಿಲಿಗೂ ಮಧ್ಯೆ ಬಿಟ್ಟಿರೋ ಜಾಗ. ಅದು ಎರಡೂ ಕಡೆ. ನಮ್ಮ ದೇಶದಲ್ಲಿ ಮುಂದಿನ ಮತ್ತು ಪಕ್ಕದ ಡಿಕ್ಕಿ ಪರೀಕ್ಷೆ ಹೊಸ ಮಾಡೆಲ್‌ಗಳಿಗೆ 2017ರ ಅಕ್ಟೋಬರಿಂದ ಕಡ್ಡಾಯ ಆಯ್ತು.

ಆಮೇಲೆ ಚಕ್ರ. 800ಕ್ಕೆ 12 ಇಂಚಿನ ರಿಮ್ಮು, 145 ಅಗಲದ ಟೈರು. ಈಗ ಕ್ರೆಟಾಗೆ 17 ಇಂಚು, 215 ಟೈರು. ಅಂಥ ಚಕ್ರ ಪೂರ್ತಿ ತಿರುಗೋಕೆ ಮಡ್‌ಗಾರ್ಡ್ ಒಳಗೆ ಜಾಗ ಬೇಕಲ್ಲ, ಅದೂ ಅಗಲಕ್ಕೇ ಸೇರುತ್ತೆ. ಬಾನೆಟ್ಟು ಎತ್ತರ ಆಗಿರೋದಕ್ಕೂ ಕಾರಣ ಐತೆ: ನಡೆಯೋರ ತಲೆ ಬಡಿದರೆ ತಗಡು ತಗ್ಗಬೇಕು, ಕೆಳಗಿನ ಎಂಜಿನ್ನಿಗೆ ತಾಕಬಾರದು. ಅದಕ್ಕೆ ಮಧ್ಯೆ ಖಾಲಿ ಬಿಡ್ತಾರೆ.

ಒಂದು ಎಚ್ಚರಿಕೆ. ಮುಂಗಾಜಿನ ಪಕ್ಕದ ಕಂಬ ಈಗ ದಪ್ಪ. ಮೈಸೂರಲ್ಲಿ ಹಾರ್ಡಿಂಜ್ ಸರ್ಕಲ್ ತರ ಕಡೆ ಸುತ್ತುವಾಗ ಒಂದು ಇಡೀ ಸ್ಕೂಟರ್ ಆ ಕಂಬದ ಹಿಂದೆ ಮರೆಯಾಗ್ತದೆ. ಮೈ ಮುಂದಕ್ಕೆ ಬಗ್ಗಿಸಿ, ಆಚೆ ಈಚೆ ನೋಡಿ ತಿರುಗಿಸಿ.

ಜಯಲಕ್ಷ್ಮೀಪುರಂ_7

ಎರಡು ಮಾತು ಸೇರಿಸ್ತೀನಿ. ಉದ್ದ ಬೆಳೆಯದೆ ಇರೋದು ತೆರಿಗೆಯ ಕಾರಣಕ್ಕೆ. 2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ, ಪೆಟ್ರೋಲ್ 1200 ಸಿ.ಸಿ. ಅಥವಾ ಡೀಸೆಲ್ 1500 ಸಿ.ಸಿ. ದಾಟದ ಕಾರಿಗೆ ಅಬಕಾರಿ ಸುಂಕ 24ರಿಂದ 16%ಗೆ ಇಳೀತು. 2008ರ ಡಿಜೈರ್ 4160 ಮಿ.ಮೀ. ಇತ್ತು, 2012ರಲ್ಲಿ ಬಾಲ ಕತ್ತರಿಸಿ 3995ಕ್ಕೆ ತಂದರು. ಬ್ರೆಜಾ, ನೆಕ್ಸಾನ್, ಸೋನೆಟ್ ಎಲ್ಲ ಅದೇ 3995. ಅಗಲಕ್ಕೆ ಆ ಕಾನೂನಲ್ಲಿ ಮಿತಿ ಇಲ್ಲ, ಅದಕ್ಕೇ ಅಡ್ಡಕ್ಕೆ ಹರಡಿಕೊಂಡವು. ಜಪಾನಿನ ಕೇ ಕಾರುಗಳನ್ನ (ಅಲ್ಲಿನ ಅತಿ ಸಣ್ಣ ಕಾರುಗಳ ವರ್ಗ) ನೋಡಿ: ಅಲ್ಲಿ ಅಗಲಕ್ಕೂ ಮಿತಿ ಇದೆ, 1.48 ಮೀಟರ್. ಅದೇ ಡಿಕ್ಕಿ ಕಾನೂನು, ಏರ್‌ಬ್ಯಾಗು ಎಲ್ಲ ಇದ್ದೂ ಅವು ಆ ಅಳತೆಯೊಳಗೇ ಇವೆ. ಸುರಕ್ಷತೆ ಒಂದೇ ಕಾರಣ ಅನ್ನೋದನ್ನ ನಾನು ಒಪ್ಪಲ್ಲ. ಎತ್ತರ, ಠೀವಿ ಬೇಕು ಅಂತ ಕೊಳ್ಳೋರು ಕೇಳಿದ್ದೂ ಅಷ್ಟೇ ದೊಡ್ಡ ಕಾರಣ.

ದೊಡ್ಡದಾದ್ರೆ ಭಾರ ಅಂತಲೂ ಅಲ್ಲ. 2005ರ ಸ್ವಿಫ್ಟ್ ಸಾವಿರ ಕಿಲೋ ಆಸುಪಾಸು. ಈಗಿನದು ಅದಕ್ಕಿಂತ ಉದ್ದ, ಅಗಲ, ಆದರೂ ಸುಮಾರು 920. ಉಕ್ಕು ಗಟ್ಟಿಯಾದಷ್ಟು ತಗಡು ತೆಳುವಾಗಬಹುದು.

ಕುವೆಂಪುನಗರ_ನಿವಾಸಿ

ಎಲ್ಲರಿಗೂ ಧನ್ಯವಾದ. ಗೇಟಿನ ವಿಚಾರ ಏನು ಮಾಡಲಿ?

ಟೇಪು_ಹಿಡಿದವ

ನಿಮ್ಮ ಗೇಟಿನ ಒಂದೊಂದು ಬಾಗಿಲು 1143 ಮಿ.ಮೀ. 15 ಅಡಿಯಲ್ಲಿ 800 ನಿಂತ ಮೇಲೆ 1237 ಉಳೀತಿತ್ತು, ಬಾಗಿಲು ಸಲೀಸಾಗಿ ಮುಚ್ಚುತ್ತಿತ್ತು. ಕಟ್ಟಿಸಿದವರು ಲೆಕ್ಕ ಹಾಕಿಯೇ ಕಟ್ಟಿಸಿದ್ದಾರೆ! ನೆಕ್ಸಾನ್ ನಿಂತರೆ 577, ಕ್ರೆಟಾ ನಿಂತರೆ 242. ಎರಡರಲ್ಲೂ ಗೇಟು ಮುಚ್ಚಲ್ಲ. ಕಾಂಪೌಂಡ್ ಉದ್ದಕ್ಕೆ ಏಳೂವರೆ ಅಡಿ ಖಾಲಿ ಗೋಡೆ ಸಿಕ್ಕಿದರೆ ಸ್ಲೈಡಿಂಗ್ ಗೇಟ್ ಹಾಕಿಸಿ. ರೋಡಿನ ಕಡೆ ತೆಗೆಯೋ ಹಾಗೆ ತಿರುಗಿಸಬೇಡಿ, ಫುಟ್‌ಪಾತಲ್ಲಿ ಹೋಗೋರಿಗೆ ತಾಕುತ್ತೆ.

ಕಂಪನಿ ಕೊಡೋ ಅಗಲದಲ್ಲಿ ಕನ್ನಡಿ ಸೇರಿರಲ್ಲ. ಕನ್ನಡಿ ಬಿಚ್ಚಿದಾಗ ಈ ಕಾರುಗಳು 2 ಮೀಟರ್ ಹತ್ತಿರ ಬರುತ್ತವೆ, ನಿಮ್ಮ ಗೇಟು 2286. ನೇರ ಬಂದರೆ ದಾಟುತ್ತೆ. ರೋಡು ಕಿರಿದಾಗಿ ಓರೆಯಲ್ಲಿ ತಿರುಗಿಸಬೇಕಾದರೆ ಹಿಂದಿನ ಬಾಗಿಲು ಗೇಟಿನ ಕಂಬಕ್ಕೆ ಉಜ್ಜುತ್ತೆ. ದುಡ್ಡು ಕಟ್ಟೋ ಮೊದಲು ಟೆಸ್ಟ್ ಡ್ರೈವ್ ಕಾರನ್ನ ಮನೆಗೇ ತರಿಸಿ, ಮುಂದಾಗಿಯೂ ರಿವರ್ಸಲ್ಲೂ ನುಗ್ಗಿಸಿ, ಎರಡೂ ಸಲ ಇಳಿದು ನೋಡಿ. ಗೋಡೆ ಒಡೆಯೋ ಮನಸ್ಸಿಲ್ಲ ಅಂದ್ರೆ ವ್ಯಾಗನ್ ಆರ್ ನೋಡಿ: ಅಗಲ 1620, ಇಳಿಯೋಕೆ 718 ಸಿಗುತ್ತೆ. ಆದರೆ ಉದ್ದ 3655, ಗೇಟಿನ ಹತ್ತಿರ ಉಳಿಯೋದು 917. ಅದಕ್ಕೂ ಸ್ಲೈಡಿಂಗ್ ಗೇಟ್ ಬೇಕೇ ಬೇಕು.