ಪದಚರ್ಚೆ: ‘ಗಗನಚುಂಬಿ’ ಎಂದರೆ ಸಾಕೆ? ಹಂದರ, ಅಂಕಣ, ಅಂತಸ್ತುಗಳ ಬಗ್ಗೆ

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ಕಲಬುರಗಿಯಿಂದ ನಮಸ್ಕಾರ.

ಎತ್ತರದ ಕಟ್ಟಡಗಳನ್ನು ಕಟ್ಟುವ ವಿಧಾನ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನು ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಬರವಣಿಗೆಯಲ್ಲಿ ಕೆಲವು ಪದಗಳ ಬಳಕೆಯನ್ನು ಮೊದಲೇ ನಿಶ್ಚಯಿಸಿಕೊಳ್ಳದೆ ಮುಂದುವರಿದರೆ ಓದುವ ಮಕ್ಕಳಿಗೆ ವಿಷಯವೇ ತಪ್ಪಾಗಿ ತಿಳಿಯುತ್ತದೆ ಎನ್ನಿಸಿದ್ದರಿಂದ ಅವುಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು ‘ಗಗನಚುಂಬಿ’. ಪತ್ರಿಕೆಗಳಲ್ಲಿ ಬೇರೂರಿದ ಪದ ಇದು, ಕೇಳಲು ಇಂಪಾಗಿಯೂ ಇದೆ. ಆದರೆ ಅದು ಹೇಳುವುದು ಎತ್ತರವೊಂದನ್ನೇ. ಬೀದರಿನಲ್ಲಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾದ ಮಿನಾರುಗಳಲ್ಲಿ ಇಂದಿಗೂ ನಿಂತಿರುವುದರ ಎತ್ತರ ಸುಮಾರು 40 ಮೀಟರ್. ಜಗತ್ತಿನ ಮೊದಲ ಗಗನಚುಂಬಿ ಎಂದು ಸಾಮಾನ್ಯವಾಗಿ ಹೆಸರಿಸುವ, ಶಿಕಾಗೊ ನಗರದಲ್ಲಿ 1885ರಲ್ಲಿ ಮುಗಿದ ಹೋಮ್ ಇನ್ಶೂರೆನ್ಸ್ ಕಟ್ಟಡದ ಎತ್ತರ ಸುಮಾರು 42 ಮೀಟರ್ ಇತ್ತು. ಎರಡಕ್ಕೂ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಿದ್ದರೂ ಶಿಕಾಗೊದ ಕಟ್ಟಡದಿಂದ ಹೊಸ ಯುಗ ಆರಂಭವಾಯಿತು ಎನ್ನುವುದಕ್ಕೆ ಕಾರಣ ಭಾರವನ್ನು ಹೊರುವ ಬಗೆ ಬದಲಾದದ್ದು. ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ಎಂಜಿನಿಯರು ಅದರಲ್ಲಿ ಹತ್ತು ಅಂತಸ್ತುಗಳ ಭಾರದ ಬಹುಪಾಲನ್ನು ಕಬ್ಬಿಣ ಮತ್ತು ಉಕ್ಕಿನ ಕಂಬ, ತೊಲೆಗಳ ಮೇಲೆ ಹಾಕಿದರು. ಹೊರಗೋಡೆಯ ಮುಖ್ಯ ಕೆಲಸ ಗಾಳಿ ಮಳೆಗಳನ್ನು ತಡೆಯುವುದಾಯಿತು.

ಅದೇ ನಗರದಲ್ಲಿ 1891ರಲ್ಲಿ ಸಿದ್ಧವಾದ ಮೊನಾಡ್ನಾಕ್ ಕಟ್ಟಡವನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಬದಲಾವಣೆಯ ಬೆಲೆ ತಿಳಿಯುತ್ತದೆ. ಅದರ ಹದಿನಾರು ಅಂತಸ್ತುಗಳು ಇಟ್ಟಿಗೆಯ ಗೋಡೆಗಳ ಮೇಲೆಯೇ ನಿಂತಿವೆ. ಅಷ್ಟು ಭಾರ ತಾಳಿಕೊಳ್ಳಲು ಬುಡದಲ್ಲಿ ಗೋಡೆ ಸುಮಾರು 1.8 ಮೀಟರ್ ದಪ್ಪವಾಗಬೇಕಾಯಿತು. ಗೋಡೆಯನ್ನೇ ನಂಬಿ ಇನ್ನೂ ಮೇಲೇರಿದ್ದರೆ ಕೆಳ ಅಂತಸ್ತುಗಳಲ್ಲಿ ಅಂಗಡಿ ಇಡುವುದಕ್ಕೂ ಜಾಗ ಉಳಿಯುತ್ತಿರಲಿಲ್ಲ. ಹಗ್ಗ ಹರಿದರೂ ಬೀಳದಂತೆ ತಡೆಯುವ ಲಿಫ್ಟನ್ನು ಎಲಿಷಾ ಓಟಿಸ್ 1854ರಷ್ಟು ಹಿಂದೆಯೇ ನ್ಯೂಯಾರ್ಕಿನಲ್ಲಿ ಜನರೆದುರು ತೋರಿಸಿದ್ದರಿಂದ ಮೇಲೆ ಹತ್ತುವ ಕಷ್ಟ ಕಳೆದಿತ್ತು; ಉಳಿದ ತೊಡಕು ಗೋಡೆಯದ್ದೇ ಆಗಿತ್ತು.

ಆದ್ದರಿಂದ ಕಂಬ ತೊಲೆಗಳು ಸೇರಿ ಭಾರ ಹೊರುವ ಈ ಚೌಕಟ್ಟಿಗೆ ಒಂದು ಖಚಿತ ಪದ ಬೇಕು. ‘ಚೌಕಟ್ಟು’ ಎಂದರೆ ಓದುವವರ ಮನಸ್ಸು ಬಾಗಿಲಿನ ಕಡೆಗೋ ಪಟದ ಕಡೆಗೋ ಹೋಗುತ್ತದೆ. ‘ಅಸ್ಥಿಪಂಜರ’ ಎಂಬುದು ಪಠ್ಯಪುಸ್ತಕಗಳಲ್ಲಿ ದೇಹಕ್ಕೆ ಮೀಸಲಾಗಿಬಿಟ್ಟಿದೆ. ನನ್ನ ಒಲವು ‘ಹಂದರ’ದ ಕಡೆಗಿದೆ. ಎಲುಬಿನ ಹಂದರ ಎಂಬ ಮಾತು ಎಲ್ಲರಿಗೂ ಗೊತ್ತಿದೆ. ನಮ್ಮ ಭಾಗದಲ್ಲಿ ಮದುವೆಗೆ ಹಂದರ ಹಾಕುವಾಗ ಮೊದಲು ಕಂಬ ನೆಟ್ಟು, ಗಳ ಕಟ್ಟಿ, ಆಮೇಲೆ ಹೊದಿಕೆ ಹಾಸುತ್ತಾರೆ. ಮೊದಲು ಹೊರುವುದು, ಆಮೇಲೆ ಹೊದಿಸುವುದು ಎಂಬ ಕ್ರಮ ಆ ಪದದೊಳಗೇ ಇದೆ. ‘ಉಕ್ಕಿನ ಹಂದರ’, ‘ಕಾಂಕ್ರೀಟ್ ಹಂದರ’ ಎಂದು ಬರೆಯಬಹುದೆಂದು ನನ್ನ ಅಭಿಪ್ರಾಯ. ಹಂದರ ಎಂದರೆ ತಾತ್ಕಾಲಿಕವಾದದ್ದು ಎಂಬ ಭಾವ ಅಡ್ಡಬರುತ್ತದೆ ಎನ್ನುವವರು ದಯವಿಟ್ಟು ತಮ್ಮ ಕಾರಣ ತಿಳಿಸಬೇಕು. ಇಲ್ಲಿನ ಗೌಂಡಿಗಳಲ್ಲಿ, ಅಂದರೆ ಗಾರೆ ಕೆಲಸದವರಲ್ಲಿ, ಗೋಡೆ ಮತ್ತು ಹಂದರಗಳ ಈ ಭೇದ ಸ್ಪಷ್ಟವಾಗಿಯೇ ಇದೆ: ಮನೆ ಕಟ್ಟಿಸುವವರನ್ನು ಅವರು ಮೊದಲು ಕೇಳುವುದು ‘ಗ್ವಾಡಿ ಮ್ಯಾಲ ಏರಸೋದೇನ್ರಿ, ಕಾಲಮ್ ಮ್ಯಾಲ?’ ಎಂದು, ಪಾಯಾ ಎಷ್ಟು ಆಳ ತೆಗೆಯಬೇಕು ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ.

ಎರಡನೆಯದು ‘ಅಂಕಣ’, ನನಗೆ ಹೆಚ್ಚು ಮುಖ್ಯವೆನ್ನಿಸುವ ಪದ ಇದೇ. ಇಂದಿನ ಓದುಗರಿಗೆ ಅಂಕಣವೆಂದರೆ ಪತ್ರಿಕೆಯ ಬರಹ. ಹಳೆಯ ಮನೆಗಳಲ್ಲಿ ಅದು ಕಂಬಗಳ ನಡುವಣ ಜಾಗ. ನಮ್ಮಲ್ಲಿ ಮಣ್ಣಿನ ಮಾಳಗಿಯ (ಮಟ್ಟಸವಾದ ಛಾವಣಿಯ) ಮನೆಗಳನ್ನು ಇಷ್ಟು ಅಂಕಣದ ಮನೆ ಎಂದೇ ಅಳೆಯುತ್ತಿದ್ದರು. ಆ ಮನೆಗಳಲ್ಲಿ ಗೋಡೆ ದಪ್ಪವಾಗಿದ್ದರೂ ಒಳಗೆ ಮಾಳಗಿಯ ಮಣ್ಣಿನ ಭಾರ ಇಳಿಯುತ್ತಿದ್ದದ್ದು ಜಂತಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ. ದೇವಾಲಯಗಳ ವರ್ಣನೆಯಲ್ಲಿಯೂ ಒಂಬತ್ತು ಅಂಕಣಗಳ ನವರಂಗ ಎಂದು ಬರೆಯುವ ರೂಢಿಯಿದೆ. ಹೀಗೆ ಕಂಬಗಳ ಮೇಲೆ ನಿಂತ ಕಟ್ಟಡವನ್ನು ಅಳೆಯುವ ಪದವೊಂದು ನಮ್ಮಲ್ಲಿ ಮೊದಲೇ ಇರುವಾಗ ಹೊಸದನ್ನು ಟಂಕಿಸುವ ಅಗತ್ಯ ಕಾಣುವುದಿಲ್ಲ.

ಆದರೆ ಇಪ್ಪತ್ತನೆಯ ಶತಮಾನದ ಕಟ್ಟಡಗಳಿಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ. ಕಟ್ಟಡ ಎತ್ತರವಾದಂತೆ ಅದರ ಸ್ವಂತ ಭಾರಕ್ಕಿಂತ ಪಕ್ಕದಿಂದ ತಳ್ಳುವ ಗಾಳಿ ದೊಡ್ಡ ಸಮಸ್ಯೆಯಾಗುತ್ತದೆ. 1931ರಲ್ಲಿ ಮುಗಿದ, 381 ಮೀಟರ್ ಎತ್ತರದ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಒಳಗೆಲ್ಲ ಒತ್ತಾದ ಕಂಬಗಳನ್ನು ನಿಲ್ಲಿಸಿ ಇದನ್ನು ಎದುರಿಸಿದರು. ಅದಕ್ಕೆ ಚದರ ಮೀಟರ್ ನೆಲಕ್ಕೆ ಸುಮಾರು 206 ಕಿಲೊ ಉಕ್ಕು ಬೇಕಾಯಿತು. ಢಾಕಾದಲ್ಲಿ 1929ರಲ್ಲಿ ಹುಟ್ಟಿ ಶಿಕಾಗೊದಲ್ಲಿ ಕೆಲಸ ಮಾಡಿದ ಫಜಲೂರ್ ರಹಮಾನ್ ಖಾನ್ ಅವರು ಕಂಬಗಳನ್ನು ಹೊರ ಅಂಚಿಗೆ ತಂದು, ಅವುಗಳನ್ನು ಬಿಗಿಯಾಗಿ ಬೆಸೆದು, ಇಡೀ ಕಟ್ಟಡ ನೆಲದಲ್ಲಿ ನೆಟ್ಟ ಒಂದೇ ಕೊಳವೆಯಂತೆ ಗಾಳಿಗೆ ಎದುರು ನಿಲ್ಲುವಂತೆ ಮಾಡಿದರು. ಹೊರಮೈಯಲ್ಲಿ ದೊಡ್ಡ ಅಡ್ಡಪಟ್ಟಿಗಳನ್ನು ಕತ್ತರಿಯಾಕಾರದಲ್ಲಿ ಹೊಂದಿರುವ, ನೂರು ಅಂತಸ್ತುಗಳ ಜಾನ್ ಹ್ಯಾನ್‌ಕಾಕ್ ಸೆಂಟರಿನಲ್ಲಿ ಉಕ್ಕಿನ ಪ್ರಮಾಣ ಚದರ ಮೀಟರಿಗೆ ಸುಮಾರು 145 ಕಿಲೊಗೆ ಇಳಿಯಿತು. ನಮ್ಮ ಉಪಖಂಡದಲ್ಲಿ ಹುಟ್ಟಿದ ಎಂಜಿನಿಯರೊಬ್ಬರ ಈ ಸಾಧನೆ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ತಿಳಿಯಬೇಕೆಂಬುದು ನನ್ನ ಬಹುದಿನದ ಆಸೆ.

ಖಾನ್ ಅವರದೇ ಸಿಯರ್ಸ್ ಗೋಪುರ (ಈಗಿನ ಹೆಸರು ವಿಲಿಸ್ ಗೋಪುರ) 442 ಮೀಟರ್ ಎತ್ತರವಿದೆ. ಅದರ ಬುಡದಲ್ಲಿ ಮೂರು ಸಾಲು ಮೂರರಂತೆ ಒಂಬತ್ತು ಚೌಕ ಕೊಳವೆಗಳಿವೆ. ನಕ್ಷೆಯನ್ನು ಕಂಡರೆ ನವರಂಗವೇ ನೆನಪಿಗೆ ಬರುತ್ತದೆ. ಎರಡು ಕೊಳವೆಗಳು ಐವತ್ತನೆಯ ಅಂತಸ್ತಿಗೆ, ಎರಡು ಅರವತ್ತಾರಕ್ಕೆ, ಮೂರು ತೊಂಬತ್ತಕ್ಕೆ ನಿಲ್ಲುತ್ತವೆ; ಉಳಿದೆರಡು ಮಾತ್ರ ತುದಿಯವರೆಗೆ ಹೋಗುತ್ತವೆ. ಪ್ರತಿಯೊಂದು ಚೌಕದ ಬದಿ ಸುಮಾರು 23 ಮೀಟರ್, ಒಳಗೆ ಕಂಬವಿಲ್ಲ; ಆದರೆ ಬದಿಯುದ್ದಕ್ಕೂ ಸುಮಾರು 4.6 ಮೀಟರಿಗೊಂದು ಕಂಬವಿದೆ. ಇಲ್ಲಿ ‘ಅಂಕಣ’ ಯಾವುದು? 23 ಮೀಟರಿನ ಚೌಕವೊ, ಅಕ್ಕಪಕ್ಕದ ಎರಡು ಕಂಬಗಳ ನಡುವಣ ಸಂದೊ? ಮನೆಯಲ್ಲಿಯೂ ದೇವಾಲಯದಲ್ಲಿಯೂ ಅಂಕಣವೆಂದರೆ ಸುತ್ತ ಕಂಬಗಳಿರುವ ನೆಲದ ಹರವು, ಬರಿಯ ಅಂತರವಲ್ಲ. ಹಾಗಾಗಿ ಚೌಕವನ್ನು ಅಂಕಣವೆಂದೂ ಸಂದನ್ನು ‘ಕಂಬದಂತರ’ವೆಂದೂ ಕರೆಯುವುದು ಸರಿಯೆಂದು ತೋರುತ್ತದೆ. ‘ಕೊಳವೆ’ ಎಂದರೆ ನಮ್ಮ ಕಡೆ ಮೊದಲು ಕೊಳವೆಬಾವಿ ನೆನಪಾಗುತ್ತದೆ ನಿಜ. ಆದರೂ ಒಳಗೆ ಪೊಳ್ಳು, ಹೊರಗೆ ಬಲ ಎಂಬ ಅರ್ಥ ಅದರಲ್ಲಿ ಸರಿಯಾಗಿ ಬರುವುದರಿಂದ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ.

ಮೂರನೆಯದು ಎಣಿಕೆಯ ಪ್ರಶ್ನೆ. ಮೂರು ಅಂತಸ್ತಿನ ಮನೆ ಎಂದಾಗ ನೆಲದ ಅಂತಸ್ತೂ ಲೆಕ್ಕಕ್ಕೆ ಬರುತ್ತದೆ. ‘ಮೂರನೆಯ ಮಹಡಿ’ ಎಂದಾಗ ಸಾಮಾನ್ಯವಾಗಿ ಬರುವುದಿಲ್ಲ. ಅಂದರೆ ಮೂರಂತಸ್ತಿನ ಮನೆಯಲ್ಲಿ ಮೂರನೆಯ ಮಹಡಿಯೇ ಇರುವುದಿಲ್ಲ. ಅಮೆರಿಕದಲ್ಲಿ ನೆಲದ ಅಂತಸ್ತನ್ನೇ ಒಂದನೆಯದೆಂದು ಎಣಿಸುವುದರಿಂದ ಅಲ್ಲಿನ ಕಟ್ಟಡಗಳಿಗೆ ‘ಅಂತಸ್ತು’ ಎಂದೇ ಬರೆಯಬೇಕು, ‘ಮಹಡಿ’ ಎಂದರೆ ಲೆಕ್ಕ ಒಂದು ತಪ್ಪುತ್ತದೆ. ‘ಏಳು ನೆಲೆಯ ಉಪ್ಪರಿಗೆ’ ಎನ್ನುವಲ್ಲಿನ ‘ನೆಲೆ’ ಚೆಲುವಾದ ಹಳೆಯ ಪದ, ಗೋಪುರಗಳಿಗೆ ಇಂದಿಗೂ ಬಳಕೆಯಲ್ಲಿದೆ. ಆದರೆ ವಾಸಸ್ಥಾನವೆಂಬ ಅರ್ಥ ಮುಂದೆ ಬಂದು ಗೊಂದಲವಾದೀತು. ಕಲಬುರಗಿಯಲ್ಲಿ ಹೊಸ ಅಪಾರ್ಟ್‌ಮೆಂಟುಗಳ ಫಲಕಗಳು ‘ಜಿ ಪ್ಲಸ್’ (ನೆಲದ ಅಂತಸ್ತು ಮತ್ತು ಅದರ ಮೇಲೆ ಇಷ್ಟು) ಎಂಬ ಲೆಕ್ಕದಲ್ಲಿಯೇ ಮಾತಾಡುತ್ತವೆ. ಹಳಬರು ಉರ್ದುವಿನ ‘ಮಂಜಿಲ್’ ಎನ್ನುವುದೂ ಉಂಟು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೂ ಅಂತಸ್ತುಗಳನ್ನು ಎಣಿಸದೆ, 15 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರವಿರುವುದೆಲ್ಲ ಎತ್ತರದ ಕಟ್ಟಡ ಎನ್ನುತ್ತದೆ. ಈ ಅರ್ಥಕ್ಕೆ ‘ಬಹುಮಹಡಿ’ಗಿಂತ ‘ಎತ್ತರದ ಕಟ್ಟಡ’ ಎಂಬ ಸರಳ ಮಾತೇ ನಿಖರವಾಗಿದೆ.

ದುಬೈಯ 828 ಮೀಟರಿನ ಬುರ್ಜ್ ಖಲೀಫಾದ ಬಗ್ಗೆ ಬರೆಯುವಾಗ ಇನ್ನೊಂದು ಪದ ಬೇಕಾಗುತ್ತದೆ. ಅಲ್ಲಿ ನಡುವಿನ ಆರು ಮೂಲೆಯ ಕಾಂಕ್ರೀಟ್ ಭಾಗಕ್ಕೆ ಮೂರು ಕಡೆಯಿಂದ ಮೂರು ರೆಕ್ಕೆಗಳು ಒತ್ತಾಸೆಯಾಗಿ ನಿಂತಿವೆ. ನಡುಭಾಗವನ್ನು ‘ತಿರುಳು’ ಎನ್ನಬಹುದೆ, ‘ನಡುಗಂಬ’ ಎನ್ನಬಹುದೆ? ತಿರುಳು ಮೆದುವಾದದ್ದು, ಇದು ಕಟ್ಟಡದ ಅತ್ಯಂತ ಗಟ್ಟಿ ಭಾಗ. ಅದಕ್ಕಾಗಿ ನನಗೆ ಹಿಂಜರಿಕೆಯಿದೆ.

ಬೀದರ ಮತ್ತು ಆಳಂದದ ಕಡೆಯ ಸದಸ್ಯರು ಅಂಕಣಕ್ಕೆ ‘ಖಣ’ ಎನ್ನುವ ಬಳಕೆ ತಮ್ಮ ಮನೆಗಳಲ್ಲಿ ಈಗಲೂ ಇದೆಯೆ, ಅದು ನಾಲ್ಕು ಕಂಬದ ಹರವನ್ನು ಹೇಳುತ್ತದೆಯೊ ಎರಡು ತೊಲೆಗಳ ನಡುವಣ ಅಂತರವನ್ನೊ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ. ಯಾದಗಿರಿ, ಶಹಾಪುರ, ಸುರಪುರದವರು ಅಲ್ಲಿನ ಗೌಂಡಿಗಳು ಮೇಲಂತಸ್ತಿಗೆ ಬಳಸುವ ಮಾತನ್ನು, ಸಾಧ್ಯವಾದರೆ ಇಡೀ ವಾಕ್ಯದೊಂದಿಗೆ, ಬರೆದು ಕಳಿಸಿದರೆ ಉಪಕಾರವಾಗುತ್ತದೆ.