ಸಿಇಟಿ ಅರ್ಜಿಯಲ್ಲಿ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ತಗೊಳ್ಳುತ್ತಿಲ್ಲ, ಏನು ಮಾಡಬೇಕು?

ತುಂಗಭದ್ರಾ ತೀರ:
ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯು, ಪಿಸಿಎಂಬಿ. ಸಿಇಟಿ ಅರ್ಜಿ ತುಂಬುತ್ತಾ ಇದ್ದೇವೆ. ನಾವು ಹಿಂದುಳಿದ ವರ್ಗ, ಪ್ರವರ್ಗ 2ಎ. ಜಾತಿ ಕಾಲಂನಲ್ಲಿ ಆರ್‌ಡಿ ನಂಬರ್ ಹಾಕಿದರೆ ವಿವರ ತಾಳೆಯಾಗುತ್ತಿಲ್ಲ ಅಂತ ಬರುತ್ತದೆ. ನಂಬರ್ ಸರಿಯಾಗೇ ಇದೆ, ಒಂದೊಂದೇ ಅಂಕಿ ಓದಿ ಹಾಕಿದ್ದೇವೆ. ಪ್ರಮಾಣಪತ್ರ ಹಳೆಯದೂ ಅಲ್ಲ, ಮೊನ್ನೆ ನೀಟ್ ಅರ್ಜಿಗೆ ಅಂತ ಮಾಡಿಸಿದ್ದು.

ಸೈಬರ್ ಸೆಂಟರ್ ಹುಡುಗ "ಸದ್ಯಕ್ಕೆ ಜನರಲ್ ಮೆರಿಟ್ ಅಂತ ಹಾಕಿಬಿಡಿ, ಕೌನ್ಸೆಲಿಂಗ್ ಟೈಮಲ್ಲಿ ಬದಲಾಯಿಸಬಹುದು" ಅಂದ. ಹಾಗೆ ಮಾಡಬಹುದಾ? ಇನ್ನೊಂದು ವಿಷಯ, ಅವಳು 1ರಿಂದ 7 ಓದಿದ್ದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, 8ರಿಂದ 10 ರಾಣೆಬೆನ್ನೂರು ಪೇಟೆಯಲ್ಲಿ, ಎಲ್ಲಾ ಕನ್ನಡ ಮೀಡಿಯಂ. ಗ್ರಾಮೀಣ ಕೋಟಾ ಕೇಳಬಹುದಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಭೌತಶಾಸ್ತ್ರ ಮೇಷ್ಟ್ರು:
ಜನರಲ್ ಮೆರಿಟ್ ಅಂತ ಮಾತ್ರ ಹಾಕಬೇಡಿ ಸರ್. ಮೊದಲು ಅದನ್ನು ನಿಲ್ಲಿಸಿ. ಮೀಸಲಾತಿಯನ್ನು ಅರ್ಜಿಯಲ್ಲೇ ಕೇಳಬೇಕು. ಕೆಲವು ವರ್ಷ ತಿದ್ದುಪಡಿಗೆ ಅವಕಾಶ ಕೊಟ್ಟಿದ್ದಾರೆ ನಿಜ, ಆದರೆ ಅದನ್ನೇ ನಂಬಿಕೊಂಡು ಗೊತ್ತಿದ್ದೂ ತಪ್ಪು ವಿವರ ಹಾಕುವುದು ಮಗುವಿನ ಸೀಟಿನ ಜೊತೆ ಆಡಿದ ಹಾಗೆ.

ನಿಮ್ಮ ಕೈಲಿರುವ ಪ್ರಮಾಣಪತ್ರದ ತಲೆಬರಹ ಒಮ್ಮೆ ಓದಿ ನೋಡಿ. ನೀಟ್‌ಗೆ ಅಂತ ಮಾಡಿಸಿದ್ದು ಅಂದ್ರಲ್ಲ, ಅದು ಕೇಂದ್ರ ಸರ್ಕಾರದ ಒಬಿಸಿ ಪ್ರಮಾಣಪತ್ರ ಇರಬೇಕು. ಅದನ್ನೂ ತಹಶೀಲ್ದಾರರೇ ಕೊಡುತ್ತಾರೆ, ಹಾಗಾಗಿ ನೋಡಿದರೆ ಒಂದೇ ಥರ ಅನ್ನಿಸುತ್ತದೆ. ಆದರೆ ಅದರಲ್ಲಿ 2ಎ, 3ಬಿ ಅನ್ನುವ ಮಾತೇ ಇರಲ್ಲ. ಆ ವಿಂಗಡಣೆ ನಮ್ಮ ರಾಜ್ಯದ್ದು. ಸಿಇಟಿಗೆ ಬೇಕಾಗಿರುವುದು ನಮೂನೆ ಎಫ್‌ನಲ್ಲಿರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ. 2ಎ, 2ಬಿ, 3ಎ, 3ಬಿ ನಾಲ್ಕಕ್ಕೂ ಇದೇ ನಮೂನೆ. ಪ್ರವರ್ಗ 1ಕ್ಕೆ ನಮೂನೆ ಇ, ಪರಿಶಿಷ್ಟ ಜಾತಿ ಪಂಗಡದವರಿಗೆ ನಮೂನೆ ಡಿ. ಪ್ರತಿ ವರ್ಷ ನಮ್ಮ ಕಾಲೇಜಲ್ಲಿ ಜಾಸ್ತಿ ಮಕ್ಕಳು ಒದ್ದಾಡುವುದು ಇದೇ ಜಾಗದಲ್ಲಿ.

ಇನ್ನೆರಡು ನೋಡಿಕೊಳ್ಳಿ. ಪ್ರಮಾಣಪತ್ರ ಮಗಳ ಹೆಸರಲ್ಲಿ ಇರಬೇಕು, ನಿಮ್ಮ ಹೆಸರಲ್ಲಿ ಇದ್ದರೆ ಆಗಲ್ಲ. ಮತ್ತೆ ಅದರಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೆ ಹೊಂದಬೇಕು. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ತಂದೆ ಹೆಸರು ಪೂರ್ತಿ, ಹೀಗಿದ್ದರೆ ಹೊಸದು ಮಾಡಿಸುವಾಗಲೇ ಅಂಕಪಟ್ಟಿ ಮುಂದಿಟ್ಟು ಅದರ ಪ್ರಕಾರ ಬರೆಸಿ.

ತುಂಗಭದ್ರಾ ತೀರ:
ಹೌದು ಸರ್, ಮೇಲೆ ಒಬಿಸಿ ಅಂತಲೇ ಇದೆ, 2ಎ ಅಂತ ಎಲ್ಲೂ ಇಲ್ಲ. ಇವಳ ಎಸ್‌ಎಸ್‌ಎಲ್‌ಸಿ ಟೈಮಲ್ಲಿ ಮಾಡಿಸಿದ ಜಾತಿ ಆದಾಯ ಪತ್ರ ಒಂದು ಮನೆಯಲ್ಲಿದೆ. ಅದು ನಡೆಯುತ್ತಾ?

ನಾಡಕಚೇರಿ ಆಪರೇಟರ್:
ಜಾತಿ ಆದಾಯ ಪತ್ರಕ್ಕೆ 5 ವರ್ಷ ಅವಧಿ. ಎಸ್‌ಎಸ್‌ಎಲ್‌ಸಿ ಟೈಮಿನದಾದರೆ ಇನ್ನೂ ಜೀವ ಇರುತ್ತದೆ. ನಾಡಕಚೇರಿ ವೆಬ್‌ಸೈಟಲ್ಲಿ ಆ ಆರ್‌ಡಿ ನಂಬರ್ ಹಾಕಿ ನೋಡಿ, ಪತ್ರ ತೆರೆದುಕೊಂಡು ಅದರಲ್ಲಿ ಮಗಳ ಹೆಸರು, 2ಎ, ನಮೂನೆ ಎಫ್ ಮೂರೂ ಇದ್ದರೆ ಅದನ್ನೇ ಸಿಇಟಿ ಅರ್ಜಿಗೆ ಹಾಕಿ. ಆರ್ ಮತ್ತು ಡಿ ಅಕ್ಷರ ಸೇರಿಸಿ ನಂಬರ್ ಪೂರ್ತಿ ಹಾಕಬೇಕು, ನಡುವೆ ಜಾಗ ಬಿಡಬೇಡಿ.

ಹೊಸದೇ ಮಾಡಿಸಬೇಕು ಅಂದರೆ ಇವತ್ತೇ ಅರ್ಜಿ ಕೊಡಿ. ಹಳೆಯ ದಾಖಲೆ ಕಂಪ್ಯೂಟರಲ್ಲಿ ಇದ್ದರೆ ಬೇಗ ಆಗುತ್ತದೆ. ಇಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿ ವರದಿ ಬರಬೇಕು, ಆಮೇಲೆ ಉಪ ತಹಶೀಲ್ದಾರರು. ಸಿಇಟಿ ಅರ್ಜಿ ಶುರುವಾದ ಮೇಲೆ ನಮ್ಮಲ್ಲಿ ಸಾಲು ಬಾಗಿಲಾಚೆಗೂ ಇರುತ್ತದೆ, ಕೊನೆ ವಾರದಲ್ಲಿ ಬಂದವರಿಗೆ ಎಷ್ಟೇ ಮನಸ್ಸಿದ್ದರೂ ಸಹಾಯ ಮಾಡಲು ಆಗಲ್ಲ.

ಭೌತಶಾಸ್ತ್ರ ಮೇಷ್ಟ್ರು:
ಗ್ರಾಮೀಣದ ಬಗ್ಗೆ ಹೇಳಲು ಮರೆತೆ. ಅದು ಸಿಗಲ್ಲ ಸರ್. 1ರಿಂದ 10ರವರೆಗೆ ಹತ್ತೂ ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ರಾಣೆಬೆನ್ನೂರು ನಗರಸಭೆ, ಅಲ್ಲಿ ಒಂದು ವರ್ಷ ಓದಿದರೂ ಹೋಯಿತು. ನೀವು ಈಗ ಹಳ್ಳಿಯಲ್ಲಿ ಇದ್ದೀರಿ, ಹೊಲ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರಲ್ಲ, ಶಾಲೆ ಎಲ್ಲಿತ್ತು ಅನ್ನುವುದೇ ಮುಖ್ಯ. ಟಿಕ್ ಹಾಕಿ ನೋಡೋಣ ಅಂತ ಹಾಕಬೇಡಿ, ಪರಿಶೀಲನೆಯಲ್ಲಿ ತೆಗೆದುಹಾಕುತ್ತಾರೆ.

ಆದರೆ ಕನ್ನಡ ಮಾಧ್ಯಮ ಮೀಸಲಾತಿ ಖಂಡಿತ ಕೇಳಿ! ಎಷ್ಟೋ ಜನ ಗ್ರಾಮೀಣದ ಹಿಂದೆ ಬಿದ್ದು ಇದನ್ನು ಬಿಟ್ಟುಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. 1ರಿಂದ 10 ಕನ್ನಡ ಮಾಧ್ಯಮ ಆಗಿದ್ದರೆ ಸಾಕು, ಶಾಲೆ ಪೇಟೆಯಲ್ಲಿದ್ದರೂ ಅಡ್ಡಿಯಿಲ್ಲ. ಇದಕ್ಕೆ 5% ಸೀಟು ಇದೆ, ಗ್ರಾಮೀಣಕ್ಕೆ 15%. ಶಾಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸ್ಯಾಟ್ಸ್ ನಂಬರ್ ಹಾಕಿದಾಗ ಯಾವ ವರ್ಷ ಯಾವ ಶಾಲೆ, ಯಾವ ಮಾಧ್ಯಮ ಅಂತ ಬರುತ್ತದೆ, ಅದನ್ನು ಸಾಲು ಸಾಲಾಗಿ ಓದಿ. ತಪ್ಪಿದ್ದರೆ ಶಾಲೆಗೆ ಹೋಗಿ ಕನ್ನಡ ಮಾಧ್ಯಮದ ಪ್ರಮಾಣಪತ್ರ ಬರೆಸಿ ಬಿಇಒ ಮೇಲುಸಹಿ ಹಾಕಿಸಿ. ಎರಡು ಶಾಲೆ ಅಂದಮೇಲೆ ಎರಡೂ ಕಡೆಯಿಂದ ಬೇಕು.

ಸಿಬಿಎಸ್‌ಇ ಅಮ್ಮ:
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗನಿಗೆ ಎಂಜಿನಿಯರಿಂಗ್ ಮಾತ್ರ ಬೇಕು. ಸಿಇಟಿಯಲ್ಲಿ ಎಷ್ಟು ಬಂದರೆ ರ‍್ಯಾಂಕ್ ಎಷ್ಟು ಅಂತ ಲೆಕ್ಕವೇ ಅರ್ಥ ಆಗುತ್ತಿಲ್ಲ. 12ನೇ ಅಂಕವೂ ಸೇರುತ್ತಂತೆ ಹೌದಾ?

ಭೌತಶಾಸ್ತ್ರ ಮೇಷ್ಟ್ರು:
ಸೇರುತ್ತದೆ ಮೇಡಂ, ಅರ್ಧಕ್ಕರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಓಎಂಆರ್ ಹಾಳೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು ಅಂತ ಮಗನಿಗೆ ಹೇಳಿ. ಎಂಜಿನಿಯರಿಂಗ್‌ಗೆ ಭೌತ, ರಸಾಯನ, ಗಣಿತ ಸೇರಿ 180.

ಈಗ 12ನೇ ತರಗತಿಯಲ್ಲಿ ಈ ಮೂರರಲ್ಲಿ 300ಕ್ಕೆ 270 ಬಂತು ಅಂದುಕೊಳ್ಳಿ. ಅದು 90%, ಅದರ ಅರ್ಧ 45. ಸಿಇಟಿಯಲ್ಲಿ 180ಕ್ಕೆ 108 ಬಂದರೆ 60%, ಅರ್ಧ 30. ಒಟ್ಟು 75. ಹೀಗೆ ಬಂದ ಅಂಕದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಅದೇ ರ‍್ಯಾಂಕ್. ಬೋರ್ಡ್ ಪರೀಕ್ಷೆ ಹೇಗೋ ಪಾಸಾದರೆ ಸಾಕು, ಸಿಇಟಿ ನೋಡಿಕೊಳ್ಳೋಣ ಅನ್ನುವ ಮಕ್ಕಳಿಗೆ ಈ ಲೆಕ್ಕ ತೋರಿಸಬೇಕು. ಅಲ್ಲಿ ಕಳೆದುಕೊಂಡಿದ್ದನ್ನು ಇಲ್ಲಿ ಹಿಡಿಯುವುದು ಬಹಳ ಕಷ್ಟ.

ಸಿಬಿಎಸ್‌ಇಯವರಿಗೆ ಒಂದು ಮುಖ್ಯ ವಿಷಯ. ಫಲಿತಾಂಶ ಬಂದ ಮೇಲೆ 12ನೇ ಅಂಕಗಳನ್ನು ಕೆಇಎ, ಅಂದರೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೀವೇ ತುಂಬಬೇಕು. ಅದಕ್ಕೆ ಪ್ರಕಟಣೆ ಬರುತ್ತದೆ, ಕಣ್ಣಿಟ್ಟಿರಿ. ತುಂಬದಿದ್ದರೆ ಸಿಇಟಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಎಂಜಿನಿಯರಿಂಗ್ ರ‍್ಯಾಂಕ್ ಬರುವುದಿಲ್ಲ.

ಮಂಜೇಶ್ವರದವನು:
ನಾನು ಕಾಸರಗೋಡು ಜಿಲ್ಲೆಯವನು, ಓದಿದ್ದು ಪೂರ್ತಿ ಕೇರಳದಲ್ಲಿ. ನಾನು ಅರ್ಜಿ ಹಾಕಬಹುದಾ ಅಣ್ಣ?

ಭೌತಶಾಸ್ತ್ರ ಮೇಷ್ಟ್ರು:
ಹಾಕಬಹುದು ಮಾರಾಯ. ಯಾರು ಅರ್ಹರು ಅಂತ ಹೇಳುವ ಕಲಂಗಳಿವೆ. ಸಾಮಾನ್ಯವಾಗಿ ಎಲ್ಲರೂ ಹಾಕುವ 'ಎ' ಕಲಂ ಅಂದರೆ ಕರ್ನಾಟಕದಲ್ಲಿ ಕಡಿಮೆ ಅಂದರೂ 7 ವರ್ಷ ಓದಿರಬೇಕು. ನಿನ್ನಂಥವರಿಗೆ ಗಡಿನಾಡು ಕನ್ನಡಿಗರ ಕಲಂ ಬೇರೆ ಇದೆ. ಅರ್ಜಿಯಲ್ಲಿ ಅದನ್ನೇ ಆರಿಸಬೇಕು. ಅದರ ಜೊತೆಗೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು, 50 ಅಂಕಕ್ಕೆ 12 ಬಂದರೆ ಸಾಕು, 4ನೇ ತರಗತಿ ಮಟ್ಟದ್ದು. ಸುಲಭ ಅಂತ ಬಿಡಬೇಡ, ಅದು ಬೇರೆ ದಿನ ಇರುತ್ತದೆ, ಪರೀಕ್ಷಾ ಕೇಂದ್ರವೂ ಬೇರೆ ಊರಲ್ಲಿ ಇರಬಹುದು. ಅದಕ್ಕೆ ಹಾಜರಾಗದೆ ಆ ಕಲಂನಲ್ಲಿ ಅರ್ಹತೆ ಸಿಗುವುದಿಲ್ಲ.

ತುಂಗಭದ್ರಾ ತೀರ:
ಹಳೆ ಪತ್ರ ಸಿಕ್ಕಿತು. ನಮೂನೆ ಎಫ್ ಇದೆ, ಮಗಳ ಹೆಸರೇ ಇದೆ. ಆರ್‌ಡಿ ನಂಬರ್ ಹಾಕಿದ ಕೂಡಲೇ ಹೆಸರು, 2ಎ ಎಲ್ಲಾ ಬಂತು! ಕನ್ನಡ ಮಾಧ್ಯಮವೂ ಕೇಳಿದ್ದೇವೆ. ತುಂಬಾ ಉಪಕಾರವಾಯಿತು ಮೇಷ್ಟ್ರೇ, ಆಪರೇಟರ್ ಸರ್. ಈಗ ಅರ್ಜಿ ಸಂಖ್ಯೆ ಬಂದಿದೆ, ಮುಗಿಯಿತು ಅಲ್ವಾ? ಅವಳಿಗೆ ಮೆಡಿಕಲ್ ಆಸೆ, ನೀಟ್ ಬೇರೆ ಬರೆಯುತ್ತಾಳೆ.

ಭೌತಶಾಸ್ತ್ರ ಮೇಷ್ಟ್ರು:
ಅರ್ಜಿ ಸಂಖ್ಯೆ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಫೋಟೋ, ಸಹಿ, ಹೆಬ್ಬೆಟ್ಟಿನ ಗುರುತು ಏರಿಸಿ, ಶುಲ್ಕ ಕಟ್ಟಿ, ಅಂತಿಮ ಅರ್ಜಿ ಡೌನ್‌ಲೋಡ್ ಮಾಡಿಕೊಂಡಾಗಲೇ ಆಗಿದ್ದು. ಮೊಬೈಲ್ ನಂಬರ್ ನಿಮ್ಮದೇ ಕೊಟ್ಟಿದ್ದೀರಾ ನೋಡಿ, ಸೈಬರ್‌ನವರದ್ದು ಇದ್ದರೆ ಮುಂದೆ ಪ್ರತಿ ಒಟಿಪಿಗೂ ಅವರ ಅಂಗಡಿ ಮುಂದೆ ನಿಲ್ಲಬೇಕಾಗುತ್ತದೆ. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ.

ಮೆಡಿಕಲ್ ಸೀಟಿಗೆ ನೀಟ್ ಅಂಕವೇ ಲೆಕ್ಕ. ಆದರೆ ಕರ್ನಾಟಕದ ಕೋಟಾ ಸೀಟು ಹಂಚುವುದು ಕೆಇಎ, ಹಾಗಾಗಿ ಇಲ್ಲಿ ನೋಂದಣಿ ಇರಲೇಬೇಕು. ನಾಲ್ಕೂ ಪೇಪರ್ ಬರೆಸಿ ಸರ್. ಜೀವಶಾಸ್ತ್ರ ಬರೆದರೆ ಕೃಷಿ, ಪಶುವೈದ್ಯಕೀಯದ ಬಾಗಿಲು ತೆರೆದಿರುತ್ತದೆ, ಗಣಿತ ಬರೆದರೆ ಎಂಜಿನಿಯರಿಂಗ್. ಮತ್ತೆ ಆ ಒಬಿಸಿ ಪತ್ರ ಎಸೆಯಬೇಡಿ, ನೀಟ್‌ನ ಅಖಿಲ ಭಾರತ ಕೋಟಾ ಕೌನ್ಸೆಲಿಂಗ್‌ನಲ್ಲಿ ಕೇಳುವುದು ಅದನ್ನೇ.